ಸಾಫ್ಟ್ ಕೋರಲ್ ಬೆಳೀವಲ್ಲವು, ಮುದುಡಿ ಕುಂತಾವು: ಏನೇನ್ ನೋಡಬೇಕ್ರಿ?

ಪ್ರಶ್ನೆ (ವಿದ್ಯಾನಗರ, ಹುಬ್ಬಳ್ಳಿ)

ನಮಸ್ಕಾರ್ರಿ. ಮನ್ಯಾಗ ಸಾಫ್ಟ್ ಕೋರಲ್ (ಮೆತ್ತನ ಹವಳ) ಸಾಕಿದ ಸಮುದ್ರದ ಉಪ್ಪುನೀರಿನ 3 ಫೂಟಿನ ಟ್ಯಾಂಕ್ ಐತಿ, ಕಲ್ಲು ಮರಳು ಬಿಟ್ಟು ನೀರು ಸುಮಾರು 160 ಲೀಟರ್, 14 ತಿಂಗಳು ಹಳೇದು. ಟೋಡ್‌ಸ್ಟೂಲ್ ಲೆದರ್ (ಅಣಬಿ ಆಕಾರದ ಕೋರಲ್) ಮೂರು ವಾರದಿಂದ ಪಾಲಿಪ್ (ಮೈಮ್ಯಾಲಿನ ಹೂವಿನಂಥ ಸಣ್ಣ ಬಾಯಿ) ಹೊರಗ ಹಾಕಿಲ್ಲ. ಜೋವಾ (ಗುಂಡಿಯಂಥ ಸಣ್ಣ ಕೋರಲ್) 40 ಇದ್ದದ್ದು 22ಕ್ಕ ಇಳದಾವು. ಜೀನಿಯಾ ಅನ್ನೂ ಇನ್ನೊಂದು ಸಾಫ್ಟ್ ಕೋರಲ್ ಕರಗೇ ಹೋತು. ನೈಟ್ರೇಟ್ 0, ಫಾಸ್ಫೇಟ್ 0, ಕೆಎಚ್ (ನೀರಿನ ಕ್ಷಾರದ ಅಳತಿ) 11, ಕ್ಯಾಲ್ಸಿಯಂ 420, ಉಪ್ಪುನೀರಿನ ಸಾಂದ್ರತೆ 1.025 (ಪ್ಲಾಸ್ಟಿಕ್ ಮುಳ್ಳಿನ ಹೈಡ್ರೋಮೀಟರ್). ನೀರು ಅಡಿಗಿಮನಿ ಆರ್‌ಓದ್ದು, ಟಿಡಿಎಸ್ (ನೀರಿನ್ಯಾಗ ಕರಗಿದ ಲವಣದ ಅಳತಿ) 62. ಸ್ಕಿಮ್ಮರ್ (ನೊರಿ ಎಬ್ಬಿಸಿ ಹೊಲಸು ತಗಿಯೂ ಯಂತ್ರ) ಹಗಲೂ ರಾತ್ರಿ ಓಡತೈತಿ, ಫಾಸ್ಫೇಟ್ ಹೀರೂ ಜಿಎಫ್‌ಓ ಹಾಕೇನಿ, ವಾರಕ್ಕ 20% ನೀರು ಬದಲು. ಮೀನು ಮೂರು, ಒಂದಿನಾ ಬಿಟ್ಟು ಒಂದಿನಾ ಚಿಟಿಕಿ ಫುಡ್. ಎಲ್‌ಇಡಿ 165 ವ್ಯಾಟ್, ನೀರಿಗಿಂತ 8 ಇಂಚು ಮ್ಯಾಲ, 10 ತಾಸು. ನೀರು ಇಷ್ಟು ಸ್ವಚ್ಛ ಇದ್ದೂ ಯಾಕ ಹಿಂಗ?

ಸಾಧನಕೇರಿ, ಧಾರವಾಡ

ನೀರು ಇಷ್ಟು ಸ್ವಚ್ಛ ಇರೋದೇ ಒಂದು ಕಾರಣ, ಸರ್. ಸಾಫ್ಟ್ ಕೋರಲ್ ಮೈಯೊಳಗೆ ಸಣ್ಣ ಪಾಚಿ ವಾಸ ಮಾಡ್ತದೆ, ಕೋರಲ್‌ನ ಊಟದ ದೊಡ್ಡ ಪಾಲು ಅದೇ ಕೊಡೋದು. ಆ ಪಾಚಿಗೂ ಹೊಲದ ಬೆಳೆಯಂತೆ ಸಾರಜನಕ, ರಂಜಕ ಬೇಕು. ಎರಡೂ ಸೊನ್ನೆ ಇಟ್ಟು ಮೇಲಿಂದ ಬಿರುಸಾದ ಬೆಳಕು ಕೊಟ್ಟರೆ ಕೋರಲ್ ಬಿಳಿಚಿಕೊಂಡು ಕುಗ್ಗುತ್ತದೆ. ನಿಮ್ಮ ಜೋವಾ ಮಾಡ್ತಿರೋದು ಅದನ್ನೇ.

ಜಿಎಫ್‌ಓ ಇವತ್ತೇ ತೆಗೀರಿ. ಸ್ಕಿಮ್ಮರ್ ರಾತ್ರಿ 12 ತಾಸು ಮಾತ್ರ ಓಡಿಸ್ರಿ. ಮೀನಿಗೆ ದಿನಕ್ಕೆ ಎರಡು ಸಲ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಹಾಕ್ರಿ. ನೈಟ್ರೇಟ್ 5ರಿಂದ 10 ಪಿಪಿಎಂ (ಲೀಟರಿಗೆ ಮಿಲಿಗ್ರಾಂ), ಫಾಸ್ಫೇಟ್ 0.03ರಿಂದ 0.1 ಇದ್ದರೆ ಸಾಕು. ಬಣ್ಣ ಹೋಲಿಸಿ ನೋಡುವ ಕಿಟ್ ಇಷ್ಟು ಕಡಿಮೆ ಫಾಸ್ಫೇಟನ್ನು ಸರಿಯಾಗಿ ತೋರಿಸೋದಿಲ್ಲ, ಅಂಕಿಯಲ್ಲೇ ತೋರಿಸೋ ಹನ್ನಾ ಚೆಕರ್ ಮೀಟರ್ ಸಿಕ್ಕರೆ ಒಳ್ಳೇದು. ಅದರಲ್ಲೂ ಪಿಪಿಬಿಯಲ್ಲಿ (ಪಿಪಿಎಂನ ಸಾವಿರದ ಒಂದು ಭಾಗ) ರಂಜಕ ತೋರಿಸೋ ಮಾಡೆಲ್ ಇದೆ. ಆ ಅಂಕಿಯನ್ನ 3.066ರಿಂದ ಗುಣಿಸಿ 1000ದಿಂದ ಭಾಗಿಸಬೇಕು: 10 ಬಂದರೆ ಫಾಸ್ಫೇಟ್ 0.03.

ಎರಡು ವಾರ ಆದರೂ ನೈಟ್ರೇಟ್ ಏಳದಿದ್ದರೆ 16.3 ಗ್ರಾಂ ಪೊಟ್ಯಾಸಿಯಂ ನೈಟ್ರೇಟ್ 1 ಲೀಟರ್ ಆರ್‌ಓ ನೀರಿನಲ್ಲಿ ಕರಗಿಸಿ ಇಟ್ಟುಕೊಳ್ರಿ. ಅದರ 10 ಎಂಎಲ್, 100 ಲೀಟರ್ ನೀರಿನಲ್ಲಿ 1 ಪಿಪಿಎಂ ಏರಿಸ್ತದೆ. ನಿಮಗೆ 16 ಎಂಎಲ್ ಆಯ್ತು. ದಿನಕ್ಕೆ ಅಷ್ಟೇ, ಟೆಸ್ಟ್ ಮಾಡ್ತಾ ಹೋಗ್ರಿ. ಬೀಜ-ಗೊಬ್ಬರದ ಅಂಗಡಿಯ 13-0-45 ಕೂಡ ಇದೇ ರಾಸಾಯನಿಕ, ಆದರೆ ಅದರಲ್ಲಿ ಬೇರೆ ಏನು ಬೆರೆತಿದೆಯೋ ಚೀಲದ ಮೇಲೆ ಬರೆದಿರೋದಿಲ್ಲ. ಲ್ಯಾಬ್ ಗ್ರೇಡ್ ತಗೊಳ್ರಿ.

ಗದಗ

ಅಣ್ಣಾರ, ಆ 62 ಟಿಡಿಎಸ್ ಮ್ಯಾಲ ನನಗ ಸಂಶಯ. ಅಡಿಗಿಮನಿ ಫಿಲ್ಟರಿನ್ಯಾಗ ಮೆಂಬ್ರೇನ್ ಆದ ಮ್ಯಾಲ ಏನೇನ್ ಕುಂತಾವು ನೋಡ್ರಿ. ಟಿಡಿಎಸ್ ಕಂಟ್ರೋಲರ್ ಅಂತ ಒಂದು ಸಣ್ಣ ತಿರುಪು ಇರತೈತಿ, ಅದು ರುಚಿ ಸಲುವಾಗಿ ಕಚ್ಚಾ ನೀರನ್ನ ವಾಪಸ್ ಬೆರಸತೈತಿ. ಆಮ್ಯಾಲ ಮಿನರಲ್ ಕಾರ್ಟ್ರಿಜ್. ಈಗಿನ ಭಾಳ ಮಾಡೆಲ್‌ನ್ಯಾಗ ತಾಮ್ರದ ಕಾರ್ಟ್ರಿಜ್ ಸೈತ ಇರತೈತಿ. ಮನಷ್ಯಾಗ ಚೊಲೋ, ಆದ್ರ ಕೋರಲ್, ಸೀಗಡಿ, ಬಸವನಹುಳಕ್ಕ ತಾಮ್ರ ಅಂದ್ರ ವಿಷ. ಆವಿ ಆಗಿ ಹೋಗೂದು ಬರೇ ನೀರು, ತಾಮ್ರ ಒಳಗ ಉಳೀತೈತಿ. ನೀವು ದಿನಾ ಮ್ಯಾಲ ಸುರದಂಗ ಅದು ಕೂಡಕೋತ ಹೋಗತೈತಿ. ಮೀನಿಗೆ ಔಷಧ ಹಾಕೂ ಮುಂದ ಬಳಸೂ ತಾಮ್ರದ ಕಿಟ್‌ನ್ಯಾಗ 0 ಬಂತಂತ ಸಮಾಧಾನ ಮಾಡ್ಕೋಬ್ಯಾಡ್ರಿ, ಅದಕ್ಕ ಕಾಣದಷ್ಟು ಕಡಿಮಿ ಇದ್ರೂ ಕೋರಲ್‌ಗೆ ತ್ರಾಸ ಆಗತೈತಿ.

ಮೆಂಬ್ರೇನ್ ಔಟ್‌ಲೆಟ್‌ನಿಂದ, ಈ ಕಾರ್ಟ್ರಿಜ್‌ಗಳಿಗಿಂತ ಮೊದಲ, ಕಾಲಿಂಚ್ ಪೈಪಿಗೆ ಟೀ ಜಾಯಿಂಟ್ ಹಾಕಿಸಿ ಬ್ಯಾರೆ ಲೈನ್ ತಗೋರಿ. ಅದರ ಮುಂದ ಉಳಿದ ಲವಣ ಹಿಡಿಯೂ 10 ಇಂಚಿನ ಡಿಐ ರೆಸಿನ್ ಕಾರ್ಟ್ರಿಜ್ ಕೂಡಸ್ರಿ. ಶುರು ಮಾಡಿದ ಮೊದಲ 5 ನಿಮಿಷದ ನೀರು ಹೊರಗ ಬಿಟ್ಟು ಆಮ್ಯಾಲ ತುಂಬ್ರಿ. ಮೀಟರ್ 0 ತೋರಸಬೇಕು, 2 ದಾಟಿತಂದ್ರ ರೆಸಿನ್ ಬದಲು. ನಮ್ಮ ಕಡೆ ಬೋರಿನ ನೀರು ಗಡಸು. 900 ಟಿಡಿಎಸ್ ಇದ್ದ ನೀರು ಹಾಕಿದ್ರ ಚೊಲೋ ಮೆಂಬ್ರೇನ್ ಸೈತ 50ರ ಸುತ್ತ ಕೊಡತೈತಿ, ರೆಸಿನ್ ಬ್ಯಾಗನ ಸಾಯತೈತಿ. ಅದಕ್ಕ ನಳದ ನೀರು ಬಂದ ದಿನ ಡ್ರಮ್ಮಿಗೆ ತುಂಬಿಟ್ಟು ಅದನ್ನ ಫಿಲ್ಟರಿಗೆ ಬಿಡ್ರಿ.

ಕೇಶ್ವಾಪುರ, ಹುಬ್ಬಳ್ಳಿ

ಆ ಮುಳ್ಳಿನ ಹೈಡ್ರೋಮೀಟರ್ ನಂಬಬೇಡ್ರಿ. ಮುಳ್ಳಿಗೆ ಒಂದು ಗುಳ್ಳೆ ಅಂಟಿದರೂ ಲೆಕ್ಕ ತಪ್ತದೆ. ರಿಫ್ರ್ಯಾಕ್ಟೋಮೀಟರ್ (ಬೆಳಕು ಬಾಗೋದರ ಮೇಲೆ ಉಪ್ಪು ಅಳೆಯೋ ಮೀಟರ್) ತಗೊಂಡು 35 ಪಿಪಿಟಿ (ಸಾವಿರ ಭಾಗಕ್ಕೆ 35 ಭಾಗ ಉಪ್ಪು, ಸಮುದ್ರದ ನೀರಿನಷ್ಟು) ದ್ರಾವಣದಿಂದ ಹೊಂದಿಸ್ರಿ, ಬರೀ ಆರ್‌ಓ ನೀರಿನಿಂದ ಅಲ್ಲ. ಮನೆಯಲ್ಲೇ ಮಾಡಬಹುದು: 36.5 ಗ್ರಾಂ ಅಡಿಗೆ ಉಪ್ಪು, 963.5 ಗ್ರಾಂ ಆರ್‌ಓ ನೀರು, ಎರಡೂ ತೂಕ ಮಾಡಿ. ಬರೀ ಅಡಿಗೆ ಉಪ್ಪಿನ ಈ ದ್ರಾವಣ ಮೀಟರಿನಲ್ಲಿ 35 ಪಿಪಿಟಿ ಸಮುದ್ರದ ನೀರಿನಂತೆಯೇ ಕಾಣ್ತದೆ. ಇದನ್ನ ಟ್ಯಾಂಕಿಗೆ ಹಾಕೋದಲ್ಲ, ಮೀಟರಿನ ಗಾಜಿನ ಮೇಲೆ ನಾಲ್ಕು ಹನಿ ಅಷ್ಟೇ.

ಬೆಳಕಿನ ಬಗ್ಗೆ: 165 ವ್ಯಾಟ್ ಲೈಟ್ 8 ಇಂಚಿನಲ್ಲಿ ಪೂರ್ತಿ ಉರಿಸಿದರೆ ಮಶ್ರೂಮ್ ಕೋರಲ್, ಜೋವಾಗೆ ವಿಪರೀತ. 12 ಇಂಚಿಗೆ ಏರಿಸಿ, ನೀಲಿ 50%, ಬಿಳಿ 15%, 8 ತಾಸು. ಜೋವಾ ಕುತ್ತಿಗೆ ಉದ್ದ ಮಾಡಿ ಮೇಲೆ ಚಾಚಿದರೆ ಬೆಳಕು ಸಾಲ್ತಿಲ್ಲ ಅಂತ, ಆಗ ವಾರಕ್ಕೆ 5% ಏರಿಸ್ರಿ. ಕೆಎಚ್‌ಗೆ ಬಫರ್ ಹಾಕ್ತಿದ್ದರೆ ನಿಲ್ಲಿಸ್ರಿ, ತಾನೇ 8-9ಕ್ಕೆ ಇಳೀಲಿ.

ಪ್ರಶ್ನೆ ಕೇಳಿದವರು

ಫಿಲ್ಟರ್ ಬಿಚ್ಚಿ ನೋಡಿದ್ವಿ. ತಾಮ್ರದ ಕಾರ್ಟ್ರಿಜ್ ಐತಿ, ತಿರುಪೂ ಅರ್ಧ ತೆರದಿತ್ತು. ರಿಫ್ರ್ಯಾಕ್ಟೋಮೀಟರ್‌ನ್ಯಾಗ ಉಪ್ಪು 31 ಪಿಪಿಟಿ ಬಂತು. ಒಮ್ಮೆಲೆ ಏರಸಬೇಕೋ? ಟೋಡ್‌ಸ್ಟೂಲ್ ಮ್ಯಾಲ ಹೊಳಿಯೋ ಪದರ ಬಂದೈತಿ, ಕೊಳಿಯಾಕತ್ತೈತೇನು?

ಗದಗ

ಒಮ್ಮೆಲೆ ಬ್ಯಾಡ್ರಿ. ಆವಿ ಆದ ನೀರಿನ ಬದಲಿಗೆ ಸಾದಾ ನೀರು ಹಾಕೂದು ಬಿಟ್ಟು, 35 ಪಿಪಿಟಿ ಉಪ್ಪುನೀರು ಹಾಕ್ರಿ. ದಿನಾ 2.5 ಲೀಟರ್ ಆವಿ ಆದ್ರ 160 ಲೀಟರಿಗೆ ದಿನಕ್ಕ ಅರ್ಧ ಪಿಪಿಟಿಕಿಂತ ತುಸು ಹೆಚ್ಚು ಏರತೈತಿ. ಏಳೆಂಟು ದಿನಕ್ಕ 35. ತಾಮ್ರ ಹೀರಲಿಕ್ಕ ಪಾಲಿಫಿಲ್ಟರ್ ಪ್ಯಾಡ್ ಇಲ್ಲಾ ಕುಪ್ರಿಸಾರ್ಬ್ ರೆಸಿನ್ ಹಾಕ್ರಿ. ನೀರು ಬದಲು ಮಾಡೂದು ಇನ್ನ ಮುಂದ 0 ಟಿಡಿಎಸ್ ನೀರಿನಿಂದ ಅಷ್ಟ. ವೇವ್‌ಮೇಕರ್ (ನೀರಿನ್ಯಾಗ ಅಲಿ ಎಬ್ಬಿಸೂ ಪಂಪ್) ಮ್ಯಾಗ್ನೆಟ್ ಮ್ಯಾಲ ಸೀಳು, ತುಕ್ಕು ಐತೇನೂ ನೋಡ್ರಿ. ಪೈಪಿಗೆ ಹಿತ್ತಾಳಿ ಫಿಟಿಂಗ್ ಇದ್ರ ಅದನ್ನೂ ತಗೀರಿ.

ಹಾವೇರಿ

ಟೋಡ್‌ಸ್ಟೂಲ್ ಪದರ ಕೊಳೆತ ಇರಲಿಕ್ಕಿಲ್ಲ. ಈ ಜಾತಿ ಆಗಾಗ ಮೇಣದಂಥ ಪೊರೆ ಬಿಡ್ತದೆ. ಹಾಲು ಕಾಯಿಸಿ ಆರಲಿಕ್ಕೆ ಇಟ್ಟಾಗ ಕೆನೆ ಕಟ್ಟತದಲ್ಲ, ಹಂಗೆ ತಲೆ ಮೇಲೆ ತೆಳುವಾಗಿ, ಹೊಳೆಯುತ್ತಾ ಕೂತಿರ್ತದೆ. ಒಂದು ಅಂಚು ಎದ್ದರೆ ಹಾಳೆಯಂತೆ ಪೂರ್ತಿ ಬರ್ತದೆ, ಕೆಳಗೆ ಚರ್ಮ ಗಟ್ಟಿಯಾಗಿ, ನುಣುಪಾಗಿ ಕಾಣ್ತದೆ. 60 ಎಂಎಲ್ ಸಿರಿಂಜಿನಲ್ಲಿ ಟ್ಯಾಂಕಿನ ನೀರೇ ಎಳೆದು, ಅರ್ಧ ಗೇಣು ದೂರದಿಂದ ದಿನಕ್ಕೆ ಒಮ್ಮೆ ಊದ್ರಿ. ಕೈಯಿಂದ ಕೆರೆಯಬೇಡ್ರಿ. ವೇವ್‌ಮೇಕರ್ ನೇರ ಹೊಡೆಯದಂತೆ, ಎದುರಿನ ಗಾಜಿಗೆ ಬಡಿದು ತಿರುಗಿ ಬರುವಂತೆ ಇಡ್ರಿ. ಪೊರೆ ಬಿಡುವಾಗ ವಾರ ಎರಡು ವಾರ ಮುಚ್ಚಿರೋದು ಸಹಜ. ನಿಮ್ಮದು ಮೂರು ವಾರ ದಾಟಿದ್ದು ನೀರಿನ ಕಾರಣಕ್ಕೇ ಅನಿಸ್ತದೆ.

ಕೊಳೆತ ಬೇರೆ ತರಹ. ಕಂದು ಅಥವಾ ಕಪ್ಪು ಕಲೆ, ಮುಟ್ಟಿದರೆ ಲೋಳೆಯಾಗಿ ಉದುರ್ತದೆ, ಕೆಟ್ಟ ನಾತ. ಹಂಗಿದ್ದರೆ ಬೇರೆ ಪಾತ್ರೆಯಲ್ಲಿ ಟ್ಯಾಂಕಿನ ನೀರು ಹಾಕಿ, ಹೊಸ ಬ್ಲೇಡಿನಿಂದ ಗಟ್ಟಿ ಭಾಗ 1 ಸೆಂ.ಮೀ. ಒಳಗೆ ಸೇರಿಸಿ ಕತ್ತರಿಸ್ರಿ.

ಲೆದರ್ ಜಾತಿಗಳು ನೀರಿಗೆ ವಿಷ ಬಿಟ್ಟು ಪಕ್ಕದವನ್ನ ಬೆಳೆಯಗೊಡೋದಿಲ್ಲ. ತೊಳೆದ ಆಕ್ಟಿವೇಟೆಡ್ ಕಾರ್ಬನ್ 80ರಿಂದ 100 ಗ್ರಾಂ, ಮೂರು ನಾಲ್ಕು ವಾರಕ್ಕೊಮ್ಮೆ ಬದಲು. ಇದನ್ನ ತಪ್ಪಿಸಬೇಡ್ರಿ.

ಇನ್ನೊಂದು ಮಾತು, ಮನೆಯಲ್ಲಿ ಮಕ್ಕಳಿದ್ದರಂತೂ ಮುಖ್ಯ. ಜೋವಾ ಕಲ್ಲು ಮುಟ್ಟುವಾಗ ಕೈಗವಸು, ಕನ್ನಡಕ ಹಾಕ್ರಿ. ಆ ಕಲ್ಲನ್ನ ಕುದಿಸೋದು, ಬಿಸಿನೀರಲ್ಲಿ ಉಜ್ಜೋದು ಎಂದಿಗೂ ಬೇಡ. ಕೆಲವು ಜೋವಾ, ಅದರ ಹತ್ತಿರದ ಜಾತಿ ಪಾಲಿಥೋವಾಗಳಲ್ಲಿ ಪಾಲಿಟಾಕ್ಸಿನ್ ಅನ್ನೋ ಘೋರ ವಿಷ ಇರ್ತದೆ, ಹಬೆ ಉಸಿರಾಡಿದರೆ ಜೀವಕ್ಕೆ ಅಪಾಯ.

ಕೇಶ್ವಾಪುರ, ಹುಬ್ಬಳ್ಳಿ

ಬೇಸಿಗೆಗೆ 12 ವೋಲ್ಟ್ ಫ್ಯಾನ್ ಎರಡು ನೀರಿನ ಮೇಲೆ ಓರೆಯಾಗಿ ಇಟ್ಟರೆ 2-3 ಡಿಗ್ರಿ ಇಳೀತದೆ. ಏಪ್ರಿಲ್‌ನ ಒಣ ಹವೆಗೆ ಚೆನ್ನಾಗಿ ಕೆಲಸ ಮಾಡ್ತದೆ, ಮಳೆಗಾಲದ ತೇವಕ್ಕೆ ಅಷ್ಟಿಲ್ಲ. ಫ್ಯಾನ್ ಹಾಕಿದ ದಿನದಿಂದ ಆವಿ ಹೆಚ್ಚಾಗ್ತದೆ, ಉಪ್ಪುನೀರಿನ ಲೆಕ್ಕ ಮತ್ತೆ ಮಾಡ್ಕೊಳ್ರಿ. ಕರೆಂಟ್ ಹೋದಾಗ ಬ್ಯಾಟರಿ ಏರ್ ಪಂಪ್ ಒಂದು ತಯಾರಿರಲಿ.

ಸಾಧನಕೇರಿ, ಧಾರವಾಡ

ಎಲ್ಲಾ ಒಂದೇ ದಿನ ಮಾಡಬೇಡ್ರಿ. ಮೊದಲು ನೀರಿನ ಲೈನ್, ಪಾಲಿಫಿಲ್ಟರ್, ಲೈಟ್ ಇಳಿಸೋದು. ಜಿಎಫ್‌ಓ ತೆಗೆಯೋದೂ ಇದರ ಜೊತೆಗೇ. ನಂತರ ಉಪ್ಪು. ಉಪ್ಪು 35ಕ್ಕೆ ನಿಂತ ಮೇಲೆ ಬೇಕಾದರೆ ನೈಟ್ರೇಟ್. ಭಾನುವಾರಕ್ಕೊಮ್ಮೆ ಅದೇ ಹೊತ್ತಿಗೆ, ಬಿಳಿ ಬೆಳಕಿನಲ್ಲಿ ಫೋಟೋ ತೆಗೆದು ಜೋವಾ ಎಣಿಸ್ರಿ. ಜಿಎಸ್‌ಪಿ (ಗ್ರೀನ್ ಸ್ಟಾರ್ ಪಾಲಿಪ್, ಹಸಿರು ಸಾಫ್ಟ್ ಕೋರಲ್) ಇದ್ದರೆ ಮೊದಲು ಅದು ಅರಳಬೇಕು, ಆಮೇಲೆ ಟೋಡ್‌ಸ್ಟೂಲ್. ಜೋವಾ ಹೊಸ ಮೊಗ್ಗು ಹಾಕಲಿಕ್ಕೆ ತಿಂಗಳು ಮೇಲಾದರೂ ಕಾಯ್ರಿ. ಎರಡು ತಿಂಗಳು 22ಕ್ಕಿಂತ ಕೆಳಗೆ ಇಳೀಲಿಲ್ಲ ಅಂದಮೇಲೆ ಜೀನಿಯಾದ ಒಂದು ಸಣ್ಣ ತುಂಡು ತಂದು ಬಿಡ್ರಿ. ತಾಮ್ರ ಇನ್ನೂ ಉಳಿದಿದ್ದರೆ ಎಲ್ಲಕ್ಕಿಂತ ಮೊದಲು ಮುದುಡೋದು ಅದೇ.