ಒಂದನೆಯ, ಎರಡನೆಯ ತರಗತಿಗಳು ಒಂದೇ ಕೋಣೆಯಲ್ಲಿ: ಜೂನ್ ತಿಂಗಳಿಗೆ ಏನೇನು ಸಿದ್ಧತೆ ಬೇಕು?

ಪ್ರಶ್ನೆ: ಸೆಂಟ್ರಲ್ ಲೈನಿನ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ಮುಂಬಯಿಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಹನ್ನೆರಡು ವರ್ಷಗಳಿಂದ ಐದರಿಂದ ಏಳನೆಯ ತರಗತಿಯವರೆಗಿನ ಮಕ್ಕಳಿಗೆ ಗಣಿತ ಮತ್ತು ವಿಜ್ಞಾನ ಕಲಿಸುತ್ತಿದ್ದೇನೆ. ಮಕ್ಕಳ ಸಂಖ್ಯೆ ಇಳಿಯುತ್ತ ಬಂದುದರಿಂದ ಈ ಜೂನ್‌ನಿಂದ ಒಂದನೆಯ ಮತ್ತು ಎರಡನೆಯ ಇಯತ್ತೆಗಳನ್ನು ಒಂದೇ ಕೋಣೆಯಲ್ಲಿ ಸೇರಿಸಿ ನನಗೆ ವಹಿಸಿದ್ದಾರೆ. ಒಂದನೆಯದಕ್ಕೆ ಈವರೆಗೆ 14 ಮಕ್ಕಳ ಹೆಸರು ಬಂದಿದೆ, ಎರಡನೆಯದರಲ್ಲಿ 11 ಮಕ್ಕಳಿದ್ದಾರೆ. ಹೆಚ್ಚಿನವರು ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು. ನಾಲ್ವರ ಮನೆಮಾತು ಲಂಬಾಣಿ, ಮೂವರದು ತುಳು.

ಭಾಗಾಕಾರವನ್ನು ನಾನು ನಿದ್ದೆಗಣ್ಣಿನಲ್ಲಿಯೂ ಕಲಿಸಬಲ್ಲೆ. ಆದರೆ ಒಂದಕ್ಷರವೂ ಬಾರದ ಮಗುವಿನ ಎದುರು ಮೊದಲ ದಿನ ಹಲಗೆಯ ಮೇಲೆ ಏನು ಬರೆಯಬೇಕೆಂಬುದು ಹೊಳೆಯದೆ ಮೇ ತಿಂಗಳ ರಜೆಯೆಲ್ಲ ಚಿಂತೆಯಲ್ಲಿಯೇ ಸರಿಯುತ್ತಿದೆ. ನಮ್ಮ ಒಂದನೆಯ ತರಗತಿಯ ಮಗು ಕನ್ನಡದ ಜೊತೆಗೆ ಮರಾಠಿಯನ್ನೂ ಇಂಗ್ಲಿಷನ್ನೂ ಕಲಿಯಬೇಕಾದುದರಿಂದ ಒಂದೇ ವರ್ಷದಲ್ಲಿ ಮೂರು ಲಿಪಿಗಳು ಅದರ ಪಾಟಿಯ ಮೇಲೆ ಬಂದು ಕೂರುತ್ತವೆ. ಶಾಲೆ ತೆರೆಯುವ ಮೊದಲು ಶಿಕ್ಷಕರಿಗೆ ಸಿಗುವ ಕೆಲವೇ ದಿನಗಳಲ್ಲಿ ನಾನು ವಾರ್ಷಿಕ ಯೋಜನೆ ಬರೆಯುತ್ತ ಕೂರಬೇಕೇ, ಅಕ್ಷರದ ಕಾರ್ಡುಗಳನ್ನು ಮಾಡಬೇಕೇ, ಅಥವಾ ಇನ್ನಾವುದಾದರೂ ಮೊದಲು ಆಗಬೇಕೇ? ಸಣ್ಣ ತರಗತಿಗಳನ್ನು ನಡೆಸಿದವರು ದಯವಿಟ್ಟು ತಿಳಿಸಬೇಕು.

ಉತ್ತರ 1: ನಿವೃತ್ತ ಮುಖ್ಯಾಧ್ಯಾಪಕ, ಮುಲುಂಡ್

ಮೇಡಂ, ಕಾರ್ಡು, ಚಾರ್ಟುಗಳ ವಿಷಯವನ್ನು ಇತರರು ಹೇಳುತ್ತಾರೆ. ನಾನು ಮೊದಲು ಹೇಳುವುದು ಹೆಸರಿನ ಬಗ್ಗೆ. ಶಾಲೆ ಆರಂಭವಾಗುವ ಮೊದಲೇ ನಿಮ್ಮ 14 ಮಕ್ಕಳ ದಾಖಲೆಗಳನ್ನು ಕಚೇರಿಯಿಂದ ತರಿಸಿಕೊಂಡು, ಜನರಲ್ ರಿಜಿಸ್ಟರಿನಲ್ಲಿ (ಶಾಲೆಯ ಪ್ರವೇಶ ದಾಖಲೆಯ ಪುಸ್ತಕದಲ್ಲಿ) ಬರೆದ ಹೆಸರನ್ನು ಜನನ ಪತ್ರ ಮತ್ತು ಆಧಾರ್ ಜೊತೆ ಅಕ್ಷರ ಅಕ್ಷರವಾಗಿ ತಾಳೆ ನೋಡಿರಿ. ಇದು ಗುಮಾಸ್ತರ ಕೆಲಸವಲ್ಲವೇ ಎಂದು ನಿಮಗೆ ಅನ್ನಿಸಬಹುದು. ನನಗೂ ಹಾಗೆಯೇ ಅನ್ನಿಸುತ್ತಿತ್ತು.

ಮಹಾರಾಷ್ಟ್ರದ ದಾಖಲೆಗಳಲ್ಲಿ ಹೆಸರು, ತಂದೆಯ ಹೆಸರು, ಆಡನಾವ (ಅಡ್ಡಹೆಸರು) ಎಂಬ ಮೂರು ಖಾನೆಗಳಿರುತ್ತವೆ. ಕಲಬುರಗಿಯ ಕಡೆಯ ಎಷ್ಟೋ ಮನೆಗಳಲ್ಲಿ ಅಡ್ಡಹೆಸರನ್ನು ಕಾಗದಪತ್ರಗಳಲ್ಲಿ ಬರೆಸುವ ರೂಢಿಯಿಲ್ಲ. ಅಲ್ಲಿ ‘ಮಲ್ಲಪ್ಪ ತಂದೆ ಶರಣಪ್ಪ’ ಎಂದು ಬರೆಯುತ್ತಾರೆ. ನಾನು ಕೆಲಸ ಮಾಡಿದ ಶಾಲೆಯೊಂದರಲ್ಲಿ ಕನ್ನಡ ಬಾರದ ಗುಮಾಸ್ತರೊಬ್ಬರು ಇಂಥದೇ ಹೆಸರನ್ನು ನೋಡಿ, ಮೊದಲ ಖಾನೆಯಲ್ಲಿ ಮಲ್ಲಪ್ಪ, ಎರಡನೆಯದರಲ್ಲಿ ‘ತಂದೆ’, ಮೂರನೆಯದರಲ್ಲಿ ಶರಣಪ್ಪ ಎಂದು ಬರೆದುಬಿಟ್ಟಿದ್ದರು. ಆ ಹುಡುಗ ಒಂಬತ್ತು ವರ್ಷ ‘ತಂದೆ’ ಎಂಬವರ ಮಗನಾಗಿಯೇ ಓದಿದ. ಹತ್ತನೆಯ ತರಗತಿಯ ಮಂಡಳಿಯ ಅರ್ಜಿ ತುಂಬುವ ಹೊತ್ತಿಗೆ ಅದು ಕಣ್ಣಿಗೆ ಬಿತ್ತು, ಅವನ ತಂದೆ ನಾಲ್ಕು ದಿನದ ಕೂಲಿ ಬಿಟ್ಟು ಅಫಿಡವಿಟ್ ಮಾಡಿಸಬೇಕಾಯಿತು. ಒಂದನೆಯ ತರಗತಿಯ ಶಿಕ್ಷಕಿ ಹತ್ತು ನಿಮಿಷ ಕೊಟ್ಟಿದ್ದರೆ ಇದು ಆಗುತ್ತಿರಲಿಲ್ಲ. ಆಗ ಮುಖ್ಯಾಧ್ಯಾಪಕನಾಗಿದ್ದ ನಾನೂ ಅದನ್ನು ನೋಡಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳಲೇಬೇಕು.

ಎರಡನೆಯ ಮಾತು. ಜೂನ್ ಮಧ್ಯದಲ್ಲಿ ಶಾಲೆ ತೆರೆದಾಗ ನಿಮ್ಮ ಮುಂದೆ 25 ಮಕ್ಕಳು ಇರುವುದಿಲ್ಲ. ಊರಿಗೆ ಹೋದವರು ಕಾರಹುಣ್ಣಿಮೆ ಮುಗಿಸಿಕೊಂಡೇ ಬರುತ್ತಾರೆ, ಕೆಲವು ವರ್ಷ ಅದು ಜೂನ್ ಕೊನೆಗೆ ಸರಿಯುತ್ತದೆ. ಶ್ರಾವಣದಲ್ಲಿ ಪಂಚಮಿಗೆಂದು ತಾಯಂದಿರು ತವರಿಗೆ ಹೋಗುವಾಗ ಸಣ್ಣ ಮಕ್ಕಳೂ ಜೊತೆಗೆ ಹೋಗುತ್ತಾರೆ. ಊರಿನ ಶಾಲೆಗಳಿಗೆ ದೊಡ್ಡ ರಜೆ ದಸರೆಗೆ, ನಮಗೆ ದೀಪಾವಳಿಗೆ. ಹೀಗಾಗಿ ಎರಡೂ ಸಲ ಗೈರುಹಾಜರಿ ತಪ್ಪಿದ್ದಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಐದನೆಯ ತರಗತಿಯವರೆಗೆ ವರ್ಷಕ್ಕೆ ಕನಿಷ್ಠ 200 ದಿನ ಪಾಠ ನಡೆಯಬೇಕು. ನೀವು ನಡೆಸುವ 200 ದಿನಗಳಲ್ಲಿ ಒಂದು ಮಗುವಿಗೆ 140 ದಕ್ಕಿದರೂ ದೊಡ್ಡದು ಎಂಬ ಅಂದಾಜಿನ ಮೇಲೆ ಯೋಜನೆ ಬರೆಯಿರಿ, ಪ್ರತಿ ಹಬ್ಬದ ನಂತರದ ವಾರವನ್ನು ಹೊಸ ಪಾಠವಿಲ್ಲದೆ ಖಾಲಿ ಬಿಡಿರಿ. ಇದು ನನ್ನ ಅನುಭವದ ಲೆಕ್ಕವೇ ಹೊರತು ಇಲಾಖೆಯದಲ್ಲ.

ತಡವಾಗಿ ಬಂದ ಮಗುವನ್ನು ಲೀವಿಂಗ್ ಸರ್ಟಿಫಿಕೇಟ್ ಬಂದಿಲ್ಲವೆಂದು ಬಾಗಿಲಲ್ಲಿ ನಿಲ್ಲಿಸುವ ಪದ್ಧತಿ ಇನ್ನೂ ಕೆಲವೆಡೆ ಇದೆ. 2009ರ ಅದೇ ಕಾಯ್ದೆಯ 5ನೆಯ ಕಲಮು, ವರ್ಗಾವಣೆ ಪತ್ರ ತಡವಾಯಿತೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲವೆಂದು ಸ್ಪಷ್ಟವಾಗಿ ಹೇಳುತ್ತದೆ. ವಯಸ್ಸಿನ ದಾಖಲೆ ಇಲ್ಲವೆಂಬುದೂ ಕಾರಣವಾಗದೆಂದು 14ನೆಯ ಕಲಮು ಹೇಳುತ್ತದೆ. ಆ ಎರಡು ಕಲಮುಗಳ ಪ್ರತಿಯನ್ನು ನಿಮ್ಮ ಡ್ರಾಯರಿನಲ್ಲಿ ಇಟ್ಟುಕೊಳ್ಳಿರಿ.

ಉತ್ತರ 2: ಒಂದನೆಯ ತರಗತಿಯ ಶಿಕ್ಷಕಿ, ಪುಣೆ

ಅಕ್ಕ, ನಾನೂ ನಿಮ್ಮ ಹಾಗೆಯೇ ದೊಡ್ಡ ತರಗತಿಯಿಂದ ಸಣ್ಣದಕ್ಕೆ ಬಂದವಳು. ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿಯಾದ ಬಾಲಭಾರತಿಯ ಜಾಲತಾಣದಲ್ಲಿ ಕನ್ನಡ ಮಾಧ್ಯಮದ ಪುಸ್ತಕಗಳ ಪಿಡಿಎಫ್ ಪ್ರತಿಗಳು ಉಚಿತವಾಗಿ ಸಿಗುತ್ತವೆ. ಅಚ್ಚಾದ ಪುಸ್ತಕಗಳ ದಾರಿ ಕಾಯದೆ ಎರಡೂ ತರಗತಿಗಳ ಭಾಷೆ ಮತ್ತು ಗಣಿತದ ಪುಸ್ತಕಗಳನ್ನು ಮೇ ತಿಂಗಳಲ್ಲಿಯೇ ಒಮ್ಮೆ ಪೂರ್ತಿಯಾಗಿ ಓದಿ ಮುಗಿಸಿರಿ. ಎರಡು ಪುಸ್ತಕಗಳಲ್ಲಿ ಸಮಾನವಾಗಿರುವ ವಿಷಯಗಳು ನಿಮಗೆ ಆಗಲೇ ಕಾಣಿಸುತ್ತವೆ, ಜೋಡಿ ತರಗತಿಯಲ್ಲಿ ಅವೇ ಕೈ ಹಿಡಿಯುವುದು.

ಇನ್ನು ಮೊದಲ ದಿನ ಏನು ಬರೆಯಬೇಕು ಎಂಬ ಪ್ರಶ್ನೆ. ಅ, ಆ, ಇ, ಈ ಎಂದು ವರ್ಣಮಾಲೆಯ ಕ್ರಮದಲ್ಲಿ ಹೊರಟರೆ ಹದಿನೈದು ದಿನ ಕಳೆದರೂ ಮಗುವಿಗೆ ಓದಲು ಒಂದು ಪದ ಸಿಗುವುದಿಲ್ಲ. ಕರ್ನಾಟಕದ ಶಾಲೆಗಳಲ್ಲಿ ರೂಢಿಯಲ್ಲಿರುವ ರ, ಗ, ಸ, ದ, ಅ ಎಂಬ ಕ್ರಮವನ್ನು ನಾನು ಹಿಡಿದಿದ್ದೇನೆ. ಈ ಐದು ಅಕ್ಷರಗಳಿಂದ ಸರ, ದರ, ಅರಸ, ಅಗಸ, ಗರಗಸ ಎಂಬ ಪದಗಳು ಮೊದಲ ವಾರದಲ್ಲಿಯೇ ಆಗುತ್ತವೆ. ಒಂದು ಕಾಗುಣಿತವೂ ಬೇಕಿಲ್ಲ. ಮುಂದಿನ ಜ, ವ, ಮ, ಬ, ನ ಸೇರಿದರೆ ಮರ, ಜನ, ದನ, ನಗರ, ಬಸವ ಎಲ್ಲವೂ ಬರುತ್ತವೆ. ಊರಿನ ಶಾಲೆಯಲ್ಲಿ ನಾಲ್ಕು ತಿಂಗಳು ಕೂತು ನಡುವೆ ಬಂದ ಮಗುವಿಗೂ ಈ ಕ್ರಮ ಪರಿಚಿತವಾಗಿರುತ್ತದೆ.

ಆದರೆ ಪದಗಳನ್ನು ಕಣ್ಣು ಮುಚ್ಚಿ ತೆಗೆದುಕೊಳ್ಳಬೇಡಿರಿ. ಪುಣೆಯಲ್ಲಿ ಹುಟ್ಟಿದ ಮಗುವಿಗೆ ಅಗಸ ಯಾರೆಂದು ತಿಳಿಯದು. ಅದಕ್ಕೆ ಗೊತ್ತಿರುವುದು ಗಲ್ಲಿಯ ಮೂಲೆಯ ಇಸ್ತ್ರಿಯವನು. ಅಗಸನ ಚಿತ್ರ ತೋರಿಸಿದಾಗ ನನ್ನ ತರಗತಿಯ ಹುಡುಗಿಯೊಬ್ಬಳು ‘ಧೋಬಿ’ ಎಂದು ಓದಿದಳು, ಅಕ್ಷರಗಳ ಕಡೆಗೆ ನೋಡಲೇ ಇಲ್ಲ. ಅದೇ ಗರಗಸ ಎಂದು ಬರೆದಾಗ ಸೆಂಟ್ರಿಂಗ್ ಕೆಲಸದವರ ಮಗನೊಬ್ಬ ಎದ್ದು ನಿಂತು, ಹಲಗೆಯ ಮೇಲೆ ಒಂದು ಕಾಲಿಟ್ಟು ಕೊಯ್ಯುವ ಹಾಗೆ ಕೈಯಾಡಿಸುತ್ತ, ಗರ ಗರ ಎಂದು ಸದ್ದು ಮಾಡಿ ತೋರಿಸಿದ. ಅಂದು ಇಡೀ ತರಗತಿ ಆ ಪದವನ್ನು ಓದಿತು. ಹಾಗಾಗಿ ಕಾರ್ಡು ಮಾಡುವ ಮೊದಲು ಎರಡು ದಿನ ಮಕ್ಕಳ ಮನೆಗಳ ಕಡೆಗೆ ಹೋಗಿ ಬನ್ನಿರಿ. ಅವರು ಏನನ್ನು ಯಾವ ಹೆಸರಿನಿಂದ ಕರೆಯುತ್ತಾರೆಂಬುದನ್ನು ಒಂದು ವಹಿಯಲ್ಲಿ ಬರೆದುಕೊಳ್ಳಿರಿ. ಲಂಬಾಣಿ ಮನೆಯ ಮಕ್ಕಳಿಗೆ ಇದು ಇನ್ನೂ ಮುಖ್ಯ, ಏಕೆಂದರೆ ಅವರಿಗೆ ಕನ್ನಡವೂ ಶಾಲೆಯಲ್ಲಿಯೇ ಮೊದಲ ಬಾರಿ ಕಿವಿಗೆ ಬೀಳುವ ಮಾತಾಗಿರಬಹುದು.

ಉತ್ತರ 3: ಮರಾಠಿ ಕಲಿಸುವ ಕನ್ನಡಿಗ, ಠಾಣೆ

ಪುಣೆಯ ಟೀಚರ್ ಹೇಳಿದ ಕ್ರಮಕ್ಕೆ ನನ್ನ ಪೂರ್ತಿ ಒಪ್ಪಿಗೆಯಿಲ್ಲ. ನಮ್ಮ ಮಕ್ಕಳ ಕೈಯಲ್ಲಿರುವುದು ಬಾಲಭಾರತಿಯ ಪುಸ್ತಕ. ಹಲಗೆಯ ಮೇಲೊಂದು ಕ್ರಮ, ಪುಸ್ತಕದಲ್ಲೊಂದು ಕ್ರಮ ಇದ್ದರೆ ಮನೆಯಲ್ಲಿ ಪುಸ್ತಕ ತೆರೆದ ಅಕ್ಕನೋ ಅಣ್ಣನೋ ಯಾವ ಪುಟ ಓದಿಸಬೇಕೆಂದು ತಿಳಿಯದೆ ಮುಚ್ಚಿಡುತ್ತಾರೆ. ಬೇರೆ ಕ್ರಮ ಹಿಡಿಯುವುದಾದರೆ ಪಾಲಕರಿಗೆ ಮೊದಲ ಸಭೆಯಲ್ಲಿಯೇ ಅದನ್ನು ಬಿಡಿಸಿ ಹೇಳಬೇಕು.

ಮೂರು ಲಿಪಿಗಳ ಬಗ್ಗೆ ಹೇಳುವುದಾದರೆ, ಈ ಹೊರೆ ಹೊಸದಲ್ಲ. ಮಹಾರಾಷ್ಟ್ರದಲ್ಲಿ ಒಂದನೆಯ ತರಗತಿಯಿಂದ ಇಂಗ್ಲಿಷ್ ಬಂದದ್ದು 2000ರಲ್ಲಿ. ಎಲ್ಲ ಶಾಲೆಗಳಲ್ಲಿಯೂ ಮರಾಠಿಯನ್ನು ಕಡ್ಡಾಯಗೊಳಿಸಿದ ಕಾಯ್ದೆ 2020ರದು. ಮರಾಠಿಯನ್ನು ಕಲಿಸಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಈ ಊರಿನಲ್ಲಿ ಬದುಕುವ ಮಗುವಿಗೆ ಅದು ಬೇಕೇ ಬೇಕು. ಆದರೆ ಕಲಿಸುವುದೆಂದರೆ ಮೊದಲ ದಿನದಿಂದಲೇ ದೇವನಾಗರಿ ಬರೆಯಿಸುವುದಲ್ಲ. ನಾನು ದೀಪಾವಳಿಯವರೆಗೆ ಮರಾಠಿಯನ್ನು ಬಾಯಿಮಾತಿನಲ್ಲಿಯೇ ನಡೆಸುತ್ತೇನೆ: ಹಾಡು, ಕಥೆ, ಅಂಗಡಿಯಾಟ, ಬಸ್ಸಿನ ಕಂಡಕ್ಟರನ ಆಟ. ಮಕ್ಕಳಿಗೆ ಅರ್ಧ ಮರಾಠಿ ಚಾಳಿನ ಅಂಗಳದಲ್ಲಿಯೇ ಬಂದಿರುತ್ತದೆ. ಕನ್ನಡದ ಕಾಗುಣಿತ ಒಂದಿಷ್ಟು ಗಟ್ಟಿಯಾದ ಮೇಲೆ ದೇವನಾಗರಿಯ ಅಕ್ಷರಗಳನ್ನು ತೆಗೆದರೆ ಕ, ಖ, ಗ, ಘ ಎಂಬ ಸಾಲು ಅವರಿಗೆ ಗೊತ್ತಿರುವುದರಿಂದ ಹೊಸದಾಗಿ ಕಲಿಯಬೇಕಾದದ್ದು ಆಕಾರ ಮಾತ್ರ. ನಮ್ಮ ಳ ಕೂಡ ಮರಾಠಿಯಲ್ಲಿದೆ.

ಎರಡನ್ನೂ ಒಟ್ಟಿಗೆ ಆರಂಭಿಸಿದ ವರ್ಷ ನನ್ನ ಮಕ್ಕಳ ಕನ್ನಡ ವಹಿಗಳನ್ನು ನೀವು ನೋಡಬೇಕಿತ್ತು. ತಲೆಕಟ್ಟನ್ನೆಲ್ಲ ಸೇರಿಸಿ ಪದದ ಈ ತುದಿಯಿಂದ ಆ ತುದಿಗೆ ಉದ್ದಕ್ಕೆ ಒಂದು ಗೆರೆ ಎಳೆದಿದ್ದರು, ಬಟ್ಟೆ ಒಣಗಿಸುವ ತಂತಿಗೆ ಅಕ್ಷರಗಳನ್ನು ನೇತು ಹಾಕಿದ ಹಾಗೆ. ಮರಾಠಿಯ ಬರವಣಿಗೆಯಲ್ಲಿ ಎ, ಏ ಎಂಬ ಭೇದವಾಗಲಿ ಒ, ಓ ಎಂಬ ಭೇದವಾಗಲಿ ಇಲ್ಲದುದರಿಂದ ಬೆರಳು ಎಂಬುದು ಬೇರಳು ಆಗುತ್ತಿತ್ತು, ಕೊಡೆ ಎಂಬುದು ಕೋಡೆ ಆಗುತ್ತಿತ್ತು. ಅದು ಮಗುವಿನ ಅಜಾಗರೂಕತೆಯಲ್ಲ. ಕೆಂಪು ಶಾಯಿಯಿಂದ ಹೊಡೆದು ಹಾಕುವ ಬದಲು ಜೋರಾಗಿ ಹೇಳಿಸಿ ಕಿವಿಯಿಂದಲೇ ತಿದ್ದಬೇಕು.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. ಸರ್ ಅವರ ಮಾತಿನಂತೆ ನಿನ್ನೆಯೇ ದಾಖಲೆಗಳನ್ನು ತಾಳೆ ನೋಡಿದೆ: 14ರಲ್ಲಿ ಐದು ಹೆಸರುಗಳು ಆಧಾರ್ ಜೊತೆ ಹೊಂದುತ್ತಿಲ್ಲ, ಒಂದರಲ್ಲಿ ಊರಿನ ಹೆಸರನ್ನೇ ಆಡನಾವ ಮಾಡಿದ್ದಾರೆ. ‘ತಂದೆ’ ಮಾತ್ರ ಯಾರಿಗೂ ಇಲ್ಲ. ಅಕ್ಷರಗಳ ಕ್ರಮದ ಬಗ್ಗೆ, ಪುಸ್ತಕದ ಪದಗಳನ್ನು ಬಿಡದೆ ಮೊದಲ ಮೂರು ವಾರ ಮಾತ್ರ ರ, ಗ, ಸ, ದ, ಅ ಹಿಡಿದು ನೋಡುವೆನು. ಪಾಲಕರ ಸಭೆಯನ್ನು ಭಾನುವಾರ ಇಡಬೇಕಾಗುತ್ತದೆ, ಉಳಿದ ದಿನ ಸೈಟ್ ಬಿಟ್ಟು ಯಾರೂ ಬರಲಾರರು. ಉಳಿದಿರುವ ಸಂದೇಹ ಒಂದೇ. ಒಂದನೆಯವರಿಗೆ ಪಾಠ ಮಾಡುವಾಗ ಎರಡನೆಯವರನ್ನು ಏನು ಮಾಡಲಿ? ‘ನೋಡಿ ಬರೆಯಿರಿ’ ಎಂದು ಕೂರಿಸಲು ಮನಸ್ಸು ಒಪ್ಪುತ್ತಿಲ್ಲ.

ಉತ್ತರ 4: ಪುಣೆಯ ಶಿಕ್ಷಕಿ

ಕೂರಿಸಬೇಡಿರಿ ಅಕ್ಕ. 1995ರ ಸುಮಾರಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿ ಪದ್ಧತಿ ಹುಟ್ಟಿದ್ದೇ ಒಬ್ಬರೇ ಶಿಕ್ಷಕರು ಹಲವು ತರಗತಿಗಳನ್ನು ನಡೆಸಬೇಕಾದ ಶಾಲೆಗಳಿಗಾಗಿ. ಅದರ ಎಲ್ಲ ಕಾರ್ಡುಗಳು, ಕಲಿಕೆಯ ಹಂತಗಳನ್ನು ತೋರಿಸುವ ‘ಏಣಿ’ಗಳು ನಮ್ಮ ಪಠ್ಯಕ್ರಮಕ್ಕೆ ಹೊಂದುವುದಿಲ್ಲ, ಆದರೆ ಅದರಿಂದ ಎರಡು ವಿಷಯಗಳನ್ನು ನೀವು ಧಾರಾಳವಾಗಿ ಎರವಲು ಪಡೆಯಬಹುದು. ಅಲ್ಲಿ ಮಕ್ಕಳು ತರಗತಿಯ ಪ್ರಕಾರ ಕೂರುವುದಿಲ್ಲ, ಆಗ ಎಷ್ಟು ನೆರವು ಬೇಕೋ ಅದರ ಪ್ರಕಾರ ಗುಂಪಾಗುತ್ತಾರೆ: ಶಿಕ್ಷಕರೇ ಪೂರ್ತಿಯಾಗಿ ಜೊತೆಗಿರಬೇಕಾದವರು, ಅರ್ಧ ನೆರವು ಸಾಕಾದವರು, ಸಹಪಾಠಿಯಿಂದ ಕಲಿಯಬಲ್ಲವರು, ತಾವೇ ಮಾಡಬಲ್ಲವರು. ನಿಮ್ಮ 25 ಮಕ್ಕಳಲ್ಲಿ ಒಂದನೆಯ ತರಗತಿಯ ಒಬ್ಬ ಚುರುಕು ಮಗು ಎರಡನೆಯವರ ಗುಂಪಿನಲ್ಲಿ ಕೂರಬಹುದು, ವರ್ಷವೆಲ್ಲ ಊರಲ್ಲಿದ್ದು ಬಂದ ಎರಡನೆಯ ತರಗತಿಯ ಮಗು ಯಾವ ಸಂಕೋಚವೂ ಇಲ್ಲದೆ ರ, ಗ, ಸ ಗುಂಪಿಗೆ ಸೇರಬಹುದು. ಇನ್ನೊಂದು, ಮಕ್ಕಳ ಕೈಗೆಟಕುವ ಎತ್ತರದಲ್ಲಿ ಗೋಡೆಯುದ್ದಕ್ಕೂ ಕಪ್ಪು ಹಲಗೆ. ಪ್ರತಿ ಮಗುವಿಗೆ ಎರಡಡಿ ಜಾಗ ಕೊಟ್ಟರೆ ನೀವು ತಿರುಗಿ ನೋಡಿದ ಕೂಡಲೇ ಯಾರು ಏನು ಬರೆದಿದ್ದಾರೆಂದು ಕಾಣುತ್ತದೆ. ಗೋಡೆಗೆ ಬಣ್ಣ ಹಚ್ಚಲು ಅನುಮತಿಯನ್ನು ಈಗಲೇ ಕೇಳಿರಿ, ಮಳೆ ಹಿಡಿದರೆ ಬಣ್ಣ ಒಣಗುವುದಿಲ್ಲ.

ಉತ್ತರ 5: ಮುಲುಂಡಿನ ನಿವೃತ್ತ ಮುಖ್ಯಾಧ್ಯಾಪಕ

ಮಳೆಯ ಮಾತು ಬಂದದ್ದರಿಂದ ಇದನ್ನೂ ಸೇರಿಸುತ್ತೇನೆ. ಕಾರ್ಡುಗಳನ್ನು ತೆಳು ಚಾರ್ಟ್ ಕಾಗದದಲ್ಲಿ ಮಾಡಿ ಅಂಟಿಸಿದರೆ ಜುಲೈ ಹೊತ್ತಿಗೆ ತೇವಕ್ಕೆ ಸುರುಳಿ ಸುತ್ತಿ, ಬೂಸ್ಟು ಹಿಡಿದು, ಗೋಡೆಯಿಂದ ಕಳಚಿ ಬೀಳುತ್ತವೆ. ಮದುವೆಯ ಆಮಂತ್ರಣ ಪತ್ರಿಕೆಗಳ ಖಾಲಿ ಬೆನ್ನಿನ ಮೇಲೆ ಬರೆದು, ಮೇಲೆ ಅಗಲವಾದ ಸೆಲ್ಲೋಟೇಪ್ ಹಚ್ಚಿ, ದಾರಕ್ಕೆ ಬಟ್ಟೆ ಕ್ಲಿಪ್ಪಿನಿಂದ ಸಿಕ್ಕಿಸಿರಿ. ನನ್ನ ಮನೆಯಲ್ಲಿ ಅಂಥ ಪತ್ರಿಕೆಗಳ ಒಂದು ಚೀಲವೇ ಇದೆ. ನಿಮ್ಮ ಶಾಲೆಯಿಂದ ಯಾರಾದರೂ ಮುಲುಂಡಿನ ಕಡೆಗೆ ಬರುವವರಿದ್ದರೆ ಇಲ್ಲಿಯೇ ತಿಳಿಸಿರಿ, ಸ್ಟೇಷನ್ನಿಗೆ ತಂದು ಕೊಡುತ್ತೇನೆ.