ಹೆಣ್ಣು ಗಾರ್ಗನಿನಾ, ಕಾಮನ್ ಟೀಲಾ? ಸಹಾಯ ಬೇಕು

ಎಲ್ರಿಗೂ ನಮಸ್ಕಾರ, ಒಂದು ಬಾತುಕೋಳಿ ಫೋಟೋ ಇಟ್ಕೊಂಡು, ಅದು ಗಾರ್ಗನಿ ಜಾತಿದಾ ಕಾಮನ್ ಟೀಲ್ ಜಾತಿದಾ ಅಂತ ತಲೆ ಕೆಟ್ಟೋಗಿದೆ, ಸ್ವಲ್ಪ ಹೆಲ್ಪ್ ಮಾಡಿ. ಗಂಡಾಗಿದ್ರೆ ಕೇಳ್ತಾನೇ ಇರ್ಲಿಲ್ಲ, ಗಾರ್ಗನಿ ಗಂಡಿಗೆ ಕಣ್ಣ ಮೇಲೆ ದಪ್ಪ ಬಿಳಿ ಪಟ್ಟೆ, ಟೀಲ್ ಗಂಡಿಗೆ ಕೆಂಗಂದು ತಲೇಲಿ ಹಸಿರು ಪಟ್ಟೆ, ದೂರದಿಂದ್ಲೇ ಗೊತ್ತಾಗತ್ತೆ. ಇದು ಹೆಣ್ಣು, ಎರಡು ಜಾತೀದೂ ಮಚ್ಚೆ ಮಚ್ಚೆ ಕಂದು ಬಣ್ಣ, ಸೈಜೂ ಹೆಚ್ಚುಕಮ್ಮಿ ಒಂದೇ.

ಫೀಲ್ಡ್ ಗೈಡ್ ತೆಗೆದು ಒಂದೊಂದೇ ಗುರುತು ನೋಡ್ದೆ. ಮುಖ ನೋಡಿದ್ರೆ ಗಾರ್ಗನಿ ಅನ್ಸತ್ತೆ, ಕಣ್ಣಿನ ಮೇಲೆ ತಿಳಿ ಗೆರೆ, ಕಣ್ಣಿಗೆ ಅಡ್ಡ ಕಪ್ಪು ಗೆರೆ, ಕೊಕ್ಕಿನ ಬುಡದಲ್ಲಿ ಒಂದು ಬಿಳಿ ಚುಕ್ಕೆ. ಆದ್ರೆ ಬಾಲದ ಬುಡದ ಪಕ್ಕ ಉದ್ದಕ್ಕೆ ಒಂದು ತಿಳಿ ಗೀಟೂ ಕಾಣ್ತಿದೆ, ಅದು ಟೀಲ್ ಗುರುತು ಅಂತಾರಲ್ವಾ! ಕೊಕ್ಕಿನ ಬುಡದಲ್ಲಿ ಕಿತ್ತಳೆ ಛಾಯೆ ಇದ್ರೆ ಟೀಲ್ ಅಂತ ಝೂಮ್ ಮಾಡ್ದೆ, ಪೂರ್ತಿ ಕೆಸರು ಮೆತ್ಕೊಂಡಿದೆ. ರೆಕ್ಕೆನೂ ಬಿಚ್ಚಲಿಲ್ಲ, ಹಾರಿದ್ರೆ ಬಿಳಿ ಅಂಚು ರೆಕ್ಕೆ ಮೇಲಿರೋ ಬಣ್ಣದ ಪಟ್ಟಿಯ ಹಿಂದೆ ಅಗಲನಾ (ಗಾರ್ಗನಿ) ಮುಂದೆ ಅಗಲನಾ (ಟೀಲ್) ಅಂತ ನೋಡ್ಬೋದಿತ್ತು. ಹಕ್ಕಿ ಗುರುತಿಸೋ ಆ್ಯಪ್‌ಗೆ ಹಾಕಿದ್ರೆ ಒಂದು ಫೋಟೋಗೆ ಗಾರ್ಗನಿ, ಅದೇ ಹಕ್ಕಿಯ ಇನ್ನೊಂದು ಫೋಟೋಗೆ ಟೀಲ್ ಅನ್ನತ್ತೆ, ಅದನ್ನ ನಂಬ್ಕೊಂಡ್ರೆ ಅಷ್ಟೇ ಕಥೆ.

ಕೇಳ್ಬೇಕಿರೋದು ಇಷ್ಟೇ: ಮುಖದ ಗೆರೆ ಒಂದು ಹೇಳಿ ಬಾಲದ ಗೀಟು ಇನ್ನೊಂದು ಹೇಳಿದ್ರೆ ಯಾವ್ದಕ್ಕೆ ಜಾಸ್ತಿ ತೂಕ ಕೊಡ್ಬೇಕು? ರೆಕ್ಕೆ ಮುಚ್ಕೊಂಡು ಕೂತಿರೋವಾಗ್ಲೂ ಗ್ಯಾರಂಟಿಯಾಗಿ ಹೇಳೋ ಬೇರೆ ಗುರುತು ಏನಾದ್ರೂ ಇದ್ಯಾ?