ಮಳೆ ಮತ್ತು ಓಟಿ ಲೆಕ್ಕದ ಆಪ್‌ಗೆ ಯೂನಿಟ್ ಟೆಸ್ಟ್: ಎಲ್ಲಿಂದ ಶುರು ಮಾಡುವುದು?

ನಾಪೋಕ್ಲು ಕಡೆಯವಳು:

ನಮಸ್ಕಾರ. ಮನೆ ಕೊಡಗಿನ ನಾಪೋಕ್ಲು ಹತ್ತಿರ, ಬೆಂಗಳೂರಿನ ಕೆಲಸ ಇಲ್ಲಿಂದಲೇ. ಬಿಡುವಾದಾಗ ನಮ್ಮ ತೋಟಕ್ಕೂ ಅಕ್ಕಪಕ್ಕದವರಿಗೂ ಆಗಲಿ ಅಂತ ಪೈಥಾನ್‌ನಲ್ಲಿ ಸಣ್ಣದೊಂದು ಆಪ್ ಬರೆದಿದ್ದೇನೆ. ದಿನದ ಮಳೆ ಬರೆದಿಡುತ್ತದೆ, ರೋಬಸ್ಟಾ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ) ಮಾರುವಾಗ ಓಟಿ ಲೆಕ್ಕ ಹಾಕಿಕೊಡುತ್ತದೆ. ಓಟಿ ಅಂದರೆ ಔಟ್‌ಟರ್ನ್, 50 ಕೆಜಿ ಚೀಲದಲ್ಲಿ ಸಿಗುವ ಕಾಫಿ ಬೀಜ ಎಷ್ಟು ಕೆಜಿ ಅನ್ನುವುದು. ಅಪ್ಪ ಮಳೆ ಹೇಳುವುದು ಇಂಚು, ಸೆಂಟಲ್ಲಿ. ಆಪ್ ಅದನ್ನು ಮಿಲಿಮೀಟರ್ ಮಾಡಿ ಇಟ್ಟುಕೊಳ್ಳುತ್ತದೆ. ಓಟಿ ದರ ಒಂದು ವೆಬ್‌ಸೈಟಿನಿಂದ ಬರುತ್ತದೆ, ಎಲ್ಲ ಎಸ್‌ಕ್ಯೂಲೈಟ್ ಡೇಟಾಬೇಸ್‌ಗೆ ಹೋಗುತ್ತದೆ.

ಯೂನಿಟ್ ಟೆಸ್ಟ್ (ಕೋಡಿನ ಒಂದೊಂದೇ ತುಂಡು ಸರಿ ಇದೆಯಾ ಅಂತ ನೋಡುವ ಕೋಡ್) ಬರೆಯೋಣ ಅಂತ ಕೂತರೆ ಯಾವ ತುದಿ ಹಿಡಿಯಬೇಕೋ ತಿಳಿಯುತ್ತಿಲ್ಲ. ಒಂದೇ ಫಂಕ್ಷನ್ ದರ ತರುತ್ತದೆ, ಗುಣಿಸುತ್ತದೆ, ಸೇವ್ ಮಾಡುತ್ತದೆ. ನೆಟ್ ಹೋದರೆ ಟೆಸ್ಟೂ ಫೇಲ್. ಕಕ್ಕಡದಲ್ಲಿ (ಜೋರು ಮಳೆಯ ತಿಂಗಳು) ನಮ್ಮ ಕಡೆ ನೆಟ್ ಹೇಗಿರುತ್ತೆ ಅಂತ ನಿಮಗೇ ಗೊತ್ತು. ಯೂನಿಟ್‌ಟೆಸ್ಟ್ ಬಳಸಲೋ, ಪೈಟೆಸ್ಟ್ ಬಳಸಲೋ? ಆಫೀಸಲ್ಲಿ ಕವರೇಜ್ (ಕೋಡಿನ ಶೇಕಡಾ ಎಷ್ಟು ಸಾಲು ಟೆಸ್ಟಿನಲ್ಲಿ ಓಡಿತು ಅನ್ನುವುದು) 80 ದಾಟಲೇಬೇಕು ಅನ್ನುತ್ತಾರೆ. ಇದಕ್ಕೂ ಹಾಗೇನಾ?

ಕುಶಾಲನಗರ ಕೋಡರ್:

ಪೈಟೆಸ್ಟ್, ಕಣ್ಣು ಮುಚ್ಚಿಕೊಂಡು. ಯೂನಿಟ್‌ಟೆಸ್ಟ್ ಪೈಥಾನ್ ಜೊತೆಗೇ ಬರುತ್ತದೆ ನಿಜ, 2001ರ 2.1 ಆವೃತ್ತಿಯಿಂದಲೂ ಇದೆ. ಆದರೆ ಅದು ಜಾವಾದ ಜೆಯೂನಿಟ್ ಅಚ್ಚಿನಲ್ಲಿ ಮಾಡಿದ್ದು. ಎರಡು ಸಾಲಿನ ಟೆಸ್ಟಿಗೂ ಒಂದು ಕ್ಲಾಸ್ ಕಟ್ಟಬೇಕು. ಪೈಟೆಸ್ಟಲ್ಲಿ ಒಂದು ಫಂಕ್ಷನ್, ಒಳಗೆ ಒಂದು ಅಸರ್ಟ್ (ಉತ್ತರ ಇದೇ ಬರಬೇಕು ಅನ್ನುವ ಸಾಲು), ಅಷ್ಟೇ. ಹಳೆ ಯೂನಿಟ್‌ಟೆಸ್ಟ್ ಫೈಲುಗಳಿದ್ದರೆ ಅವನ್ನೂ ಓಡಿಸುತ್ತದೆ. ನೆಟ್ ಮತ್ತು ಡೇಟಾಬೇಸ್ ಭಾಗಕ್ಕೆ ಮಾಕ್ (ನಿಜವಾದ್ದರ ಬದಲು ನಕಲಿ) ಹಾಕಿಬಿಡಿ, ಮುಗೀತು.

ರೈಟರ್ ಮಗ, ಸುಂಟಿಕೊಪ್ಪ:

ಪೈಟೆಸ್ಟ್ ಮಾತು ಒಪ್ಪಿದೆ. "ಮಾಕ್ ಹಾಕಿಬಿಡಿ" ಅನ್ನುವುದಕ್ಕೆ ಮಾತ್ರ ನನ್ನ ತಕರಾರಿದೆ. ಮೂರು ಕೆಲಸ ಒಂದೇ ಫಂಕ್ಷನ್ನಿನಲ್ಲಿ ಇಟ್ಟುಕೊಂಡೇ ಮಾಕ್ ಹಾಕಿದರೆ, ಟೆಸ್ಟಿನ ಮುಕ್ಕಾಲು ಭಾಗ ಮಾಕ್ ಕಟ್ಟುವುದರಲ್ಲೇ ಹೋಗುತ್ತದೆ. ಲೆಕ್ಕ ಸರಿ ಇದೆಯಾ ಅನ್ನುವುದು ಮೂಲೆಗೆ ಬೀಳುತ್ತದೆ.

ಮೊದಲು ಲೆಕ್ಕವನ್ನು ಬೇರೆ ಮಾಡಿ. ತೂಕ, ಓಟಿ, ದರ ಒಳಗೆ ಹೋಗಬೇಕು, ಮೊತ್ತ ಹೊರಗೆ ಬರಬೇಕು. ನೆಟ್ ಬೇಡ, ಡೇಟಾಬೇಸ್ ಬೇಡ. ಇನ್ನು ಟೆಸ್ಟಿಗೆ ಅಂಕಿ ಎಲ್ಲಿಂದ? ನೀವೇ ಊಹಿಸಿ ಬರೆಯಬೇಡಿ. ಕಾಫಿ ಕೊಟ್ಟಾಗ ವ್ಯಾಪಾರಿ ಬರೆದುಕೊಟ್ಟ ಹಳೆ ಚೀಟಿಗಳು ಮನೆಯಲ್ಲಿ ಇದ್ದೇ ಇರುತ್ತವೆ ಅಲ್ವಾ? ಅವೇ ನಿಮ್ಮ ಟೆಸ್ಟು. ನಮ್ಮಪ್ಪ ತೋಟದಲ್ಲಿ ರೈಟರ್ (ಲೆಕ್ಕ ಬರೆಯುವವರು) ಆಗಿದ್ದವರು, ಚೀಟಿ ಬಿಸಾಡಿದರೆ ಮನೆಯಲ್ಲಿ ರಾಮಾಯಣವೇ ಆಗುತ್ತಿತ್ತು. ಈಗ ಅರ್ಥವಾಗುತ್ತೆ.

50 ಕೆಜಿ ಚೀಲ, ಓಟಿ 28, ದರ 200 ಅಂದರೆ 5600. ಇದು ಯಾರು ಬರೆದರೂ ಪಾಸ್ ಆಗುತ್ತದೆ, ಇದರಿಂದ ಏನೂ ಸಿಗುವುದಿಲ್ಲ. ಕೊನೆಯಲ್ಲಿ ಉಳಿಯುವ 37 ಕೆಜಿ ಅರೆ ಚೀಲ ಹಾಕಿ ನೋಡಿ, ಅದೇ ಓಟಿ, ಅದೇ ದರಕ್ಕೆ 4144 ಬರಬೇಕು. ಆಮೇಲೆ ಓಟಿ 27.5, ದರ 203 ಹಾಕಿ. ಪೂರ್ತಿ ಚೀಲಕ್ಕೆ 5582.50. ಚೀಟಿಯಲ್ಲಿ 5583 ಅಂತಿರುತ್ತದೆ. ಪೈಥಾನಿನ ರೌಂಡ್ ಕೊಡುವುದು 5582! ಸರಿಯಾಗಿ ಅರ್ಧ ಬಂದರೆ ಅದು ಹತ್ತಿರದ ಸಮಸಂಖ್ಯೆಗೆ ಹೋಗುತ್ತದೆ. ಪೈಥಾನಿನದೇ ಡೆಸಿಮಲ್ ಬಳಸಿದರೂ ಸುಮ್ನೆ ಬಿಟ್ಟರೆ ಅದೇ ಕಥೆ, 'ರೌಂಡ್ ಹಾಫ್ ಅಪ್' ಅಂತ ಬಾಯಿಬಿಟ್ಟು ಹೇಳಬೇಕು. ಒಂದು ರೂಪಾಯಿ ತಾನೇ ಅನ್ನಬೇಡಿ. ಚೀಟಿಗೂ ಆಪ್‌ಗೂ ತಾಳೆ ಆಗದಿದ್ದರೆ ಪಕ್ಕದ ಮನೆಯವರು ಆಪ್ ತೆಗೆದೇ ಹಾಕುತ್ತಾರೆ. ಇಂಥ ಸಾಲುಗಳನ್ನೆಲ್ಲ ಪೈಟೆಸ್ಟಿನ ಪ್ಯಾರಾಮೆಟ್ರೈಜ್‌ನಲ್ಲಿ ಪಟ್ಟಿ ಮಾಡಿ, ಟೆಸ್ಟ್ ಫಂಕ್ಷನ್ ಒಂದೇ ಸಾಕು.

ಮಳೆಯಲ್ಲಿ ಇದಕ್ಕಿಂತ ದೊಡ್ಡ ಗುಂಡಿ ಇದೆ. ನೂರು ಸೆಂಟಿಗೆ ಒಂದು ಇಂಚು, ಇಂಚಿಗೆ 25.4 ಮಿಲಿಮೀಟರ್. "ಒಂದು ಇಂಚು ಐದು ಸೆಂಟು" ಅಂದರೆ 1.05, ಅಂದರೆ 26.67 ಮಿಮೀ. ಆದರೆ ಎಷ್ಟೋ ಜನ ಪುಸ್ತಕದಲ್ಲಿ 1.5 ಅಂತಲೇ ಬರೆಯುತ್ತಾರೆ. ಅದನ್ನು ಹಾಗೇ ಗುಣಿಸಿದರೆ 38.1. ಹೂ ಮಳೆ (ಕಾಫಿ ಹೂ ಅರಳಿಸುವ ಮಳೆ) ಸಾಕಾಯಿತಾ, ಸ್ಪ್ರಿಂಕ್ಲರ್ ಹಾಕಬೇಕಾ ಅಂತ ನೋಡುವ ಹೊತ್ತಿನಲ್ಲಿ ಇದು ಸಣ್ಣ ವ್ಯತ್ಯಾಸ ಅಲ್ಲ. ಐದು ಸೆಂಟು, ಐವತ್ತು ಸೆಂಟು, ಬರೀ ಸೊನ್ನೆ, ಮೂರಕ್ಕೂ ಟೆಸ್ಟ್ ಇರಲಿ. ಮಿಲಿಮೀಟರ್ ಫ್ಲೋಟ್ (ಪೂರ್ತಿ ನಿಖರವಲ್ಲದ ದಶಾಂಶ ಸಂಖ್ಯೆ) ಆಗಿದ್ದರೆ ನೇರ ಸಮ ಅಂತ ಹೋಲಿಸಬೇಡಿ, ಪೈಟೆಸ್ಟಿನ ಅಪ್ರಾಕ್ಸ್ ಬಳಸಿ.

ಇನ್ನೊಂದು, ದಿನ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಮಳೆಯ ದಿನ ಮುಗಿಯುವುದು ಬೆಳಿಗ್ಗೆ 8.30ಕ್ಕೆ. ನಿಮ್ಮದು ಯಾವಾಗ ಅಂತ ಅಪ್ಪನ ಹತ್ತಿರ ಕೇಳಿ ಗೊತ್ತು ಮಾಡಿಕೊಳ್ಳಿ. ಸರ್ವರ್ ಯುಟಿಸಿಯಲ್ಲಿದ್ದರೆ (ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ) ಬೆಳಿಗ್ಗೆ 5.30ಕ್ಕೆ ಮುಂಚೆ ಬರೆದದ್ದು ಹಿಂದಿನ ತಾರೀಖಿಗೆ ಹೋಗಿ ಕೂರುತ್ತದೆ. ಅದಕ್ಕೇ ಫಂಕ್ಷನ್ ಒಳಗೆ "ಈಗ ಗಂಟೆ ಎಷ್ಟು" ಅಂತ ಕೇಳಬೇಡಿ, ಸಮಯವನ್ನು ಹೊರಗಿಂದ ಕೊಡಿ. ಆಗ 8.29, 8.30, 8.31 ಮೂರನ್ನೂ ರಾತ್ರಿ ಕೂತು ಪರೀಕ್ಷೆ ಮಾಡಬಹುದು.

ಎಸ್‌ಕ್ಯೂಲೈಟ್‌ಗೆ ಮಾಕ್ ಬೇಕಾಗೇ ಇಲ್ಲ. ಅದು ಮೆಮೊರಿಯಲ್ಲೇ ಡೇಟಾಬೇಸ್ ಮಾಡಿಕೊಡುತ್ತದೆ. ಒಂದು ಫಿಕ್ಸ್ಚರ್ (ಟೆಸ್ಟಿಗೆ ಬೇಕಾದ್ದನ್ನು ಮೊದಲೇ ಸಿದ್ಧ ಮಾಡುವ ಫಂಕ್ಷನ್) ಬರೆದರೆ ಪ್ರತಿ ಟೆಸ್ಟಿಗೂ ಹೊಸದು, ನಿಜವಾದ್ದೇ. ದರದ ವೆಬ್ ಪುಟವನ್ನು ಒಮ್ಮೆ ಫೈಲಾಗಿ ಇಳಿಸಿಟ್ಟು, ಅದರಿಂದ ದರ ಸರಿಯಾಗಿ ಬರುತ್ತಾ ನೋಡಿ. ನಿಜವಾದ ವೆಬ್‌ಸೈಟಿಗೆ ಹೋಗುವ ಟೆಸ್ಟ್ ಬೇಕೇ ಬೇಕು ಅಂದರೆ ಮಾರ್ಕ್ ಹಾಕಿ ಬೇರೆ ಇಡಿ, ನೆಟ್ ಇದ್ದಾಗ ಓಡಿಸಿ.

ಕವರೇಜ್? ಆ ಸಾಲು ಓಡಿತು ಅಂತ ಹೇಳುತ್ತದೆ, ಉತ್ತರ ಸರಿ ಅಂತ ಹೇಳುವುದಿಲ್ಲ. ಒಂದೂ ಅಸರ್ಟ್ ಇಲ್ಲದೆ 100 ತೋರಿಸಬಹುದು. ನಾನಾದರೆ ಕೋಡಿನಲ್ಲಿ ಬೇಕಂತಲೇ ಗುಣಾಕಾರವನ್ನು ಕೂಡಿಸುವುದು ಮಾಡಿ ಟೆಸ್ಟ್ ಓಡಿಸುತ್ತೇನೆ. ಆಗಲೂ ಎಲ್ಲ ಹಸಿರು ಬಂದರೆ ಆ ಟೆಸ್ಟ್ ದಂಡ. ಇದನ್ನೇ ತಾನಾಗಿ ಮಾಡುವ ಮ್ಯುಟ್‌ಮಟ್ ಅಂತ ಟೂಲ್ ಇದೆ. ಸಣ್ಣ ಆಪ್‌ಗೆ ಕೈಯಲ್ಲಿ ಮಾಡಿದರೂ ನಡೆಯುತ್ತದೆ.

ಕುಶಾಲನಗರ ಕೋಡರ್:

ರೌಂಡ್ ವಿಷಯ ಈಗಲೇ ಓಡಿಸಿ ನೋಡಿದೆ, 5582 ಹೌದು. ಆದರೂ ಅಣ್ಣ, ದರ ತರುವಾಗ ಟೈಮ್‌ಔಟ್ ಆದರೆ ಆಪ್ ಏನು ಮಾಡುತ್ತೆ ಅಂತ ನೋಡಲು ಮಾಕ್ ಬೇಕೇ ಬೇಕು. ಫೈಲಲ್ಲಿ ಟೈಮ್‌ಔಟ್ ಇಳಿಸಿಡೋಕೆ ಆಗಲ್ಲ!

ರೈಟರ್ ಮಗ, ಸುಂಟಿಕೊಪ್ಪ:

ಅದು ಸರಿ, ಅಲ್ಲಿ ಹಾಕಿ. ಪೈಟೆಸ್ಟಿನ ಮಂಕಿಪ್ಯಾಚಲ್ಲಿ ನಾಲ್ಕು ಸಾಲು.

ನಾಪೋಕ್ಲು ಕಡೆಯವಳು:

ತುಂಬಾ ಉಪಕಾರ ಆಯ್ತು ಸರ್. ಅಪ್ಪನ ಮಳೆ ಪುಸ್ತಕ ತೆಗೆದು ನೋಡಿದೆ. ಒಂದು ಪುಟದಲ್ಲಿ 1.05, ಮುಂದಿನದರಲ್ಲಿ 1.5. ಕೇಳಿದರೆ "ಎರಡೂ ಒಂದೇ, ಆವತ್ತಿನ ಮಳೆ ನೋಡಿದರೆ ಗೊತ್ತಾಗಲ್ವಾ" ಅನ್ನುತ್ತಾರೆ. ಇದಕ್ಕೆ ಏನು ಟೆಸ್ಟ್ ಬರೆಯಲಿ?

ರೈಟರ್ ಮಗ, ಸುಂಟಿಕೊಪ್ಪ:

ಅಪ್ಪನನ್ನು ತಿದ್ದಲು ಹೋಗಬೇಡಿ. ಆಪ್‌ನಲ್ಲಿ ಇಂಚಿಗೆ ಒಂದು ಡಬ್ಬಿ, ಸೆಂಟಿಗೆ ಒಂದು ಡಬ್ಬಿ ಮಾಡಿ. ಚುಕ್ಕಿ ಹಾಕಿದರೆ ಆಪ್ ಒಪ್ಪಬಾರದು, ಸೆಂಟು 99 ದಾಟಿದರೂ ಒಪ್ಪಬಾರದು. ಈ ಎರಡಕ್ಕೂ ಪೈಟೆಸ್ಟಿನ ರೈಸಸ್ (ಕೋಡ್ ಎರರ್ ಕೊಟ್ಟಿತಾ ಅಂತ ನೋಡುವುದು) ಇಟ್ಟು ಟೆಸ್ಟ್ ಬರೆಯಿರಿ. ಹಳೆ ಪುಸ್ತಕದ 1.5ಗಳನ್ನು ಮಾತ್ರ ಅಪ್ಪನ ಪಕ್ಕ ಕೂತು ಒಂದೊಂದಾಗಿ ಕೇಳಿ ತುಂಬಬೇಕು, ಅದಕ್ಕೆ ಯಾವ ಟೂಲೂ ಇಲ್ಲ.